ಬಸಿರಿಗೂ ಮೊದಲೇ ಶುರುವಾಗುವ ಆರೈಕೆ

1823ರ ನವೆಂಬರ್‌ನಲ್ಲಿ ಬರ್ಲಿನ್ ನಗರದ ಆಸ್ಪತ್ರೆಗೆ 22 ವರ್ಷದ ಬಸುರಿಯೊಬ್ಬಳು ಬಂದು ಸೇರಿದಳು. ಅದು ಆಕೆಯ ಐದನೆಯ ಬಸಿರು. ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ. ಮೂತ್ರವನ್ನು ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆ ಇರುವುದು ಖಚಿತವಾಯಿತು. ಹೆರಿಗೆ ಬಲು ಕಷ್ಟವಾಯಿತು. ಮಗು 12 ಪೌಂಡ್, ಅಂದರೆ ಹತ್ತಿರಹತ್ತಿರ ಐದೂವರೆ ಕಿಲೋ ತೂಗುತ್ತಿತ್ತು. ಹೊರಗೆ ಬರುವ ಮೊದಲೇ ಅದರ ಜೀವ ಹೋಗಿತ್ತು. ಸೋಜಿಗವೆಂದರೆ, ಹೆರಿಗೆಯಾದ ಮೇಲೆ ತಾಯಿಯ ಬಾಯಾರಿಕೆ ಇಳಿಯಿತು, ಮೂತ್ರದಲ್ಲಿದ್ದ ಸಕ್ಕರೆಯೂ ಮಾಯವಾಯಿತು.

ಈ ಪ್ರಸಂಗವನ್ನು ಹೈನ್ರಿಶ್ ಬೆನೆವಿಟ್ಸ್ ಎಂಬ ವೈದ್ಯ ವಿದ್ಯಾರ್ಥಿ 1824ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಲ್ಯಾಟಿನ್ ಭಾಷೆಯಲ್ಲಿ ಬರೆದ ಪದವಿ ಪ್ರಬಂಧದಲ್ಲಿ ದಾಖಲಿಸಿದ. ಮಗುವಿನ ಗಾತ್ರವನ್ನು ಕಂಡು ಬೆರಗಾದ ಆತ ಅದನ್ನು ಪುರಾಣದ ಹರ್ಕ್ಯುಲಿಸನ ಸಂತಾನಕ್ಕೆ ಹೋಲಿಸಿದ. ಬಸಿರು ಮತ್ತು ಸಕ್ಕರೆ ಕಾಯಿಲೆಯ ನಂಟಿನ ಬಗ್ಗೆ ಸಿಗುವ ಮೊದಲ ವಿವರವಾದ ದಾಖಲೆ ಇದೇ ಎಂದು ವೈದ್ಯಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಮಗು ಅಷ್ಟು ದಪ್ಪಗೆ ಬೆಳೆದದ್ದೇಕೆ? ಅಷ್ಟು ಪುಷ್ಟವಾಗಿದ್ದ ಕೂಸು ಉಳಿಯಲಿಲ್ಲವೇಕೆ? ಹೆರಿಗೆಯೊಡನೆ ಕಾಯಿಲೆ ಹೋದದ್ದು ನಿಜಕ್ಕೂ ಹೋದಂತೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಉತ್ತರ ಹುಡುಕುತ್ತಾ ಹೋದ ವೈದ್ಯರ ದೃಷ್ಟಿ ಒಂದು ವಿಚಿತ್ರ ದಾರಿಯಲ್ಲಿ ನಡೆಯಿತು. ಮೊದಲು ಅವರು ನೋಡಿದ್ದು ಹೆರಿಗೆಯ ಕೋಣೆಯನ್ನು. ಆಮೇಲೆ ಒಂಬತ್ತು ತಿಂಗಳನ್ನು. ಕೊನೆಗೆ, ಹೆಣ್ಣು ಬಸುರಿಯಾಗುವುದಕ್ಕೂ ಮೊದಲಿನ ದಿನಗಳನ್ನು.

ಬದುಕುವುದೇ ಕಷ್ಟವಾಗಿದ್ದ ಕಾಲ

ಇನ್ಸುಲಿನ್ ಬರುವ ಮೊದಲು ಚಿಕ್ಕ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದ ಹುಡುಗಿಯರು ತಾಯಿಯಾಗುವ ಮಾತಿರಲಿ, ಹರೆಯ ದಾಟುವುದೇ ಅಪರೂಪವಾಗಿತ್ತು. ಬದುಕಿ ಉಳಿದವರಲ್ಲೂ ಎಷ್ಟೋ ಮಂದಿಗೆ ಮುಟ್ಟು ನಿಂತುಹೋಗುತ್ತಿತ್ತು. 1882ರಲ್ಲಿ ಲಂಡನ್ನಿನ ಪ್ರಸೂತಿ ತಜ್ಞ ಮ್ಯಾಥ್ಯೂಸ್ ಡಂಕನ್ ಅಲ್ಲಿ ಇಲ್ಲಿ ಹುಡುಕಿ, ಸಕ್ಕರೆ ಕಾಯಿಲೆಯ ಬಸುರಿಯರ ಬಗ್ಗೆ ಒಂದು ಪ್ರಬಂಧ ಮಂಡಿಸಿದರು. ಅವರಿಗೆ ಒಟ್ಟು ಸಿಕ್ಕ ಬಸಿರುಗಳು ಬರೇ 22. ಅಷ್ಟರಲ್ಲೂ ತಾಯಿಯೋ ಮಗುವೋ, ಕೆಲವೆಡೆ ಇಬ್ಬರೂ ಕೈತಪ್ಪಿಹೋದ ಕಥೆಗಳೇ ಮತ್ತೆ ಮತ್ತೆ ಬರುತ್ತವೆ. ಇಂಥವರು ಬಸುರಿಯಾಗಲೇಬಾರದು ಎಂಬ ಮಾತು ವೈದ್ಯರಲ್ಲಿ ಬಹುಕಾಲ ಉಳಿದುದರಲ್ಲಿ ಆಶ್ಚರ್ಯವಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದ್ದ ಏಕೈಕ ಮದ್ದೆಂದರೆ ಉಪವಾಸ. ನ್ಯೂಯಾರ್ಕಿನ ಫ್ರೆಡರಿಕ್ ಆಲೆನ್ ಜಾರಿಗೆ ತಂದ ಈ ಪಥ್ಯದಲ್ಲಿ ರೋಗಿಯ ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ಸಾವನ್ನು ತುಸು ಮುಂದಕ್ಕೆ ತಳ್ಳಬಹುದಿತ್ತು, ಅಷ್ಟೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್ ಹೀಗೆ ಮೂರು ವರ್ಷ ಅರೆಹೊಟ್ಟೆಯಲ್ಲಿ ಬದುಕಿದಳು. ಹದಿನೈದು ತುಂಬುವ ಹೊತ್ತಿಗೆ ಆಕೆಯ ತೂಕ 20 ಕಿಲೋ ಆಸುಪಾಸಿಗೆ ಇಳಿದಿತ್ತು.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿಗೆ ಮನುಷ್ಯನೊಬ್ಬನಿಗೆ ಇನ್ಸುಲಿನ್ ಚುಚ್ಚಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಎಲಿಜಬೆತ್‌ಳನ್ನು ಅಲ್ಲಿಗೆ ಕರೆದೊಯ್ದರು. ಫ್ರೆಡರಿಕ್ ಬ್ಯಾಂಟಿಂಗ್ ಅವರೇ ಚಿಕಿತ್ಸೆ ನೀಡಿದರು. ಹುಡುಗಿ ಚೇತರಿಸಿಕೊಂಡಳು, ಓದಿದಳು, 1930ರಲ್ಲಿ ಮದುವೆಯಾದಳು, ಮೂರು ಮಕ್ಕಳನ್ನು ಹೆತ್ತಳು. 1981ರಲ್ಲಿ ತೀರಿಕೊಂಡಾಗ ಆಕೆಗೆ 73 ವರ್ಷ. ಇನ್ನೊಂದು ಸಂಗತಿ ಇದೆ. ಇಷ್ಟು ದೀರ್ಘಕಾಲ ದಿನವೂ ಸೂಜಿ ಚುಚ್ಚಿಕೊಂಡ ಈಕೆ ತನಗೆ ಸಕ್ಕರೆ ಕಾಯಿಲೆ ಇರುವುದನ್ನು ಹತ್ತಿರದವರ ಹೊರತು ಯಾರಿಗೂ ತಿಳಿಯದಂತೆ ಮುಚ್ಚಿಟ್ಟುಕೊಂಡಿದ್ದರು. ಮಗಳಿಗೆ ಕಾಯಿಲೆ ಇರುವುದು ಹೊರಗೆ ಗೊತ್ತಾದರೆ ಗಂಡು ಸಿಗುವುದಿಲ್ಲವೆಂದು ಮರೆಮಾಡುವ ನಮ್ಮ ಮನೆಗಳಿಗೆ ಈ ಅಂಜಿಕೆ ಹೊಸದಲ್ಲ.

ಬಾಸ್ಟನ್ನಿನ ವೈದ್ಯೆ

ಇನ್ಸುಲಿನ್ ತಾಯಂದಿರನ್ನು ಉಳಿಸಿತು. ಆದರೆ ಮಕ್ಕಳನ್ನು? ಅಲ್ಲಿ ಫಲ ಅಷ್ಟು ಸುಲಭವಾಗಿ ಸಿಗಲಿಲ್ಲ. ಕೊನೆಯ ತಿಂಗಳವರೆಗೆ ಚೆನ್ನಾಗಿಯೇ ಒದೆಯುತ್ತಿದ್ದ ಕೂಸು ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾಗಿಬಿಡುತ್ತಿತ್ತು. ಜೀವಂತವಾಗಿ ಹುಟ್ಟಿದವುಗಳಲ್ಲೂ ಕೆಲವು ಒಂದೆರಡು ದಿನಗಳಲ್ಲಿ ಸೆಟೆದು ಸಾಯುತ್ತಿದ್ದವು.

ಬಾಸ್ಟನ್ನಿನಲ್ಲಿ ಎಲಿಯಟ್ ಜಾಸ್ಲಿನ್ ಅವರ ಚಿಕಿತ್ಸಾಲಯಕ್ಕೆ 1924ರಲ್ಲಿ ಪ್ರಿಸಿಲ್ಲಾ ವೈಟ್ ಎಂಬ ತರುಣಿ ವೈದ್ಯೆ ಬಂದು ಸೇರಿದಾಗ ಪರಿಸ್ಥಿತಿ ಹೀಗಿತ್ತು. ಮಕ್ಕಳ ಮತ್ತು ಬಸುರಿಯರ ಹೊಣೆ ಆಕೆಯ ಪಾಲಿಗೆ ಬಂತು. ಮುಂದಿನ ಐವತ್ತು ವರ್ಷ ಆಕೆ ಅದನ್ನು ಬಿಡಲಿಲ್ಲ. ಆರಂಭದಲ್ಲಿ ಇಂಥ ತಾಯಂದಿರ ಮಕ್ಕಳಲ್ಲಿ ಬದುಕುಳಿಯುತ್ತಿದ್ದವರು ಶೇಕಡ 54. ಆಕೆ 1974ರಲ್ಲಿ ನಿವೃತ್ತರಾಗುವಾಗ ಅದು ಶೇಕಡ 90ನ್ನು ದಾಟಿತ್ತು. 2,200ಕ್ಕೂ ಹೆಚ್ಚು ಬಸಿರುಗಳು ಆಕೆಯ ಕಣ್ಣೆದುರು ಹಾದುಹೋದವು.

ವೈಟ್ ಮಾಡಿದ್ದೇನು? ಬಸುರಿಯನ್ನು ಹೆರಿಗೆಯ ದಿನ ನೋಡಿದರೆ ಸಾಲದು, ಉದ್ದಕ್ಕೂ ನೋಡುತ್ತಿರಬೇಕು ಎಂದರು. ಮತ್ತೆ ಮತ್ತೆ ಕರೆಸಿ ಇನ್ಸುಲಿನ್ ಪ್ರಮಾಣ ತಿದ್ದಿದರು. ಕೊನೆಯ ವಾರಗಳ ಅನಿರೀಕ್ಷಿತ ಸಾವನ್ನು ತಪ್ಪಿಸಲು ದಿನ ತುಂಬುವುದಕ್ಕೆ ಮೂರು ನಾಲ್ಕು ವಾರ ಮೊದಲೇ ಹೆರಿಗೆ ಮಾಡಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಸಕ್ಕರೆ ಕಾಯಿಲೆಯ ಬಸುರಿಯರೆಲ್ಲ ಒಂದೇ ಅಲ್ಲ ಎಂದು ತೋರಿಸಿಕೊಟ್ಟರು. ಕಾಯಿಲೆ ಯಾವ ವಯಸ್ಸಿನಲ್ಲಿ ಬಂತು, ಬಂದು ಎಷ್ಟು ವರ್ಷವಾಯಿತು, ಮೂತ್ರಪಿಂಡಕ್ಕೆ ಇಲ್ಲವೇ ಕಣ್ಣಿಗೆ ತಗುಲಿದೆಯೇ ಎಂಬುದನ್ನು ಆಧರಿಸಿ 1949ರಲ್ಲಿ ಅವರು ಮಾಡಿದ ವರ್ಗೀಕರಣವನ್ನು ಜಗತ್ತಿನ ಹೆರಿಗೆ ಆಸ್ಪತ್ರೆಗಳು ದಶಕಗಳ ಕಾಲ ಬಳಸಿದವು. 'ನೀನು ತಾಯಿಯಾಗಬೇಡ' ಎಂಬ ಒಂದೇ ಮಾತಿನ ಜಾಗದಲ್ಲಿ 'ನಿನಗೆ ಇಷ್ಟು ಅಪಾಯವಿದೆ, ಇಷ್ಟು ಭರವಸೆಯಿದೆ' ಎಂದು ಬಿಡಿಸಿ ಹೇಳುವುದು ಇದರಿಂದ ಸಾಧ್ಯವಾಯಿತು.

ಆದರೆ ವೈಟ್ ಅವರ ಎಲ್ಲ ನಂಬಿಕೆಗಳೂ ನಿಲ್ಲಲಿಲ್ಲ. ಬಸುರಿಯರಲ್ಲಿ ಹಾರ್ಮೋನುಗಳ ಏರುಪೇರೇ ಮಕ್ಕಳ ಸಾವಿಗೆ ಕಾರಣವೆಂದು ಭಾವಿಸಿ ಅವರು ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ಕೊಡುತ್ತಿದ್ದರು. 1955ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಯಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲವೆಂದು ಗೊತ್ತಾಯಿತು. 1971ರಲ್ಲಿ ಅದೇ ಬಾಸ್ಟನ್ನಿನ ವೈದ್ಯರು ಇನ್ನೂ ಕೆಟ್ಟ ಸುದ್ದಿ ತಂದರು: ಬೇರೆ ಬೇರೆ ಕಾರಣಗಳಿಗಾಗಿ ಬಸಿರಿನಲ್ಲಿ ಆ ಔಷಧ ಸೇವಿಸಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ, ಹರೆಯಕ್ಕೆ ಬಂದ ಮೇಲೆ, ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ವೈಟ್ ಅವರ ಯಶಸ್ಸಿಗೆ ಕಾರಣ ಆ ಮಾತ್ರೆಯಲ್ಲ, ಬಿಡದೆ ಇಟ್ಟ ನಿಗಾ ಎಂದೇ ಈಗ ಹೇಳಬೇಕಾಗುತ್ತದೆ.

ಮಾಸು ದಾಟುವುದು ಯಾವುದು?

ಬರ್ಲಿನ್ನಿನ ಆ ದಪ್ಪ ಕೂಸಿನ ಒಗಟನ್ನು ಬಿಡಿಸಿದ್ದು ಡೆನ್ಮಾರ್ಕಿನ ಯೋರ್ಗೆನ್ ಪೀಡರ್ಸನ್. ಕೋಪನ್‌ಹೇಗನ್ನಿನ ರಿಗ್ಸ್ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಅವರು 1952ರಲ್ಲಿ ಮುಂದಿಟ್ಟ ವಾದ ಕೇಳಲು ಸರಳವಾಗಿದೆ. ತಾಯಿಯ ರಕ್ತದಲ್ಲಿರುವ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದು ಬೀಳುವ ಸಕ್ಕರೆಯನ್ನು ಸಂಭಾಳಿಸಲು ಮಗುವಿನ ಪುಟ್ಟ ಮೇದೋಜ್ಜೀರಕವೇ ಹಗಲಿರುಳು ದುಡಿದು ವಿಪರೀತ ಇನ್ಸುಲಿನ್ ತಯಾರಿಸುತ್ತದೆ. ಇನ್ಸುಲಿನ್ನಿನ ಕೆಲಸವೇ ಸಕ್ಕರೆಯನ್ನು ಕೂಡಿಡುವುದಲ್ಲವೇ? ಮಗು ಕೊಬ್ಬು ತುಂಬಿಕೊಂಡು ದಪ್ಪಗಾಗುತ್ತದೆ, ಭುಜ ಅಗಲವಾಗಿ ಹೆರಿಗೆಯಲ್ಲಿ ಸಿಕ್ಕಿಬೀಳುತ್ತದೆ. ಇನ್ನು ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಸಕ್ಕರೆಯ ಸರಬರಾಜು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಹಾಗೆಯೇ ಇರುತ್ತದೆ. ಕೂಸಿನ ರಕ್ತದ ಸಕ್ಕರೆ ಕುಸಿದು ಅದು ಸೆಟೆದುಕೊಳ್ಳುತ್ತದೆ. ಗುಂಡುಗುಂಡಾಗಿ ಹುಟ್ಟಿದ ಮಗುವನ್ನು ಕಂಡು ದೃಷ್ಟಿ ನಿವಾಳಿಸುವ ನಮ್ಮ ಅಜ್ಜಿಯರಿಗೆ ಇದನ್ನು ನಂಬುವುದು ಕಷ್ಟವೇ. ದಪ್ಪ ಮಗುವೆಲ್ಲ ಗಟ್ಟಿ ಮಗುವಲ್ಲ.

ಅಂದರೆ ಒಂಬತ್ತು ತಿಂಗಳೂ ತಾಯಿಯ ಸಕ್ಕರೆ ಹತೋಟಿಯಲ್ಲಿರಬೇಕು. ಆದರೆ ಅಳೆಯುವುದು ಹೇಗೆ? ಆಗಿನ ಸಾಧನ ಬೆನೆಡಿಕ್ಟ್ ದ್ರಾವಣ. ಪ್ರನಾಳದಲ್ಲಿ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕಾಯಿಸಿದರೆ ನೀಲಿ ಹೋಗಿ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ನಮ್ಮ ಹಳೆಯ ಪ್ರಯೋಗಾಲಯಗಳಲ್ಲಿ ದುಡಿದವರಿಗೆಲ್ಲ ಇದು ಚಿರಪರಿಚಿತ. ತೊಡಕೆಂದರೆ ಬಸಿರಿನಲ್ಲಿ ಮೂತ್ರಪಿಂಡಗಳು ಸಕ್ಕರೆಯನ್ನು ಸಲೀಸಾಗಿ ಹೊರಗೆ ಬಿಡುತ್ತವೆ. ರಕ್ತದಲ್ಲಿ ಹೆಚ್ಚಿಲ್ಲದಿದ್ದರೂ ಮೂತ್ರ ಬಣ್ಣ ತೋರಿಸುತ್ತದೆ. 1970ರ ದಶಕದ ಕೊನೆಯಲ್ಲಿ ಬೆರಳ ತುದಿಯ ಒಂದು ಹನಿ ರಕ್ತವನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಪುಟ್ಟ ಯಂತ್ರ ರೋಗಿಗಳ ಕೈಗೆ ಬಂದ ಮೇಲೆ ಚಿತ್ರವೇ ಬದಲಾಯಿತು. ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗುತ್ತಿದ್ದ ಬಸುರಿ ಮನೆಯಲ್ಲಿದ್ದುಕೊಂಡೇ ದಿನಕ್ಕೆ ಆರೇಳು ಬಾರಿ ತನ್ನ ಸಕ್ಕರೆಯನ್ನು ತಾನೇ ನೋಡಿಕೊಳ್ಳುವಂತಾಯಿತು.

ಕಾರ್ಲ್ಸ್‌ಬುರ್ಗಿನ ಲೆಕ್ಕ

ಇಷ್ಟಾದರೂ ಒಂದು ನೋವು ಉಳಿದಿತ್ತು. ಮಕ್ಕಳು ಬದುಕತೊಡಗಿದವು, ಆದರೆ ಕೆಲವಕ್ಕೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷ, ಬೆನ್ನುಹುರಿಯಲ್ಲಿ ದೋಷ. ಇಂಥ ವೈಕಲ್ಯ ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಲ್ಲಿ ಉಳಿದವರಿಗಿಂತ ಹೆಚ್ಚೆಂದು ಕೋಪನ್‌ಹೇಗನ್ನಿನ ವೈದ್ಯರು 1964ರಲ್ಲೇ ಎಣಿಸಿ ತೋರಿಸಿದ್ದರು. ಒಂಬತ್ತು ತಿಂಗಳು ಕಟ್ಟುನಿಟ್ಟಾಗಿ ನಡೆದುಕೊಂಡ ತಾಯಿಗೂ ಹೀಗಾದದ್ದೇಕೆ?

1979ರಲ್ಲಿ ಅಮೆರಿಕದ ಸಂಶೋಧಕರು ಭ್ರೂಣದ ಬೆಳವಣಿಗೆಯ ದಿನಚರಿಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದರು. ಈ ದೋಷಗಳೆಲ್ಲ ಬಸಿರಿನ ಏಳನೆಯ ವಾರಕ್ಕೂ ಮೊದಲೇ ಉಂಟಾಗುವಂಥವು. ಇದನ್ನು ನಮ್ಮ ಊರಿನ ರೂಢಿಗೆ ಹೊಂದಿಸಿ ನೋಡಿ. ಮುಟ್ಟು ನಿಂತು ಒಂದು ತಿಂಗಳು ಕಾದು, ಖಚಿತಪಡಿಸಿಕೊಂಡು, ಮನೆಯ ಹಿರಿಯರಿಗೆ ಹೇಳಿ, ಒಳ್ಳೆಯ ದಿನ ನೋಡಿ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸುವ ಹೊತ್ತಿಗೆ ಮೂರನೆಯ ತಿಂಗಳು. ಅಷ್ಟರೊಳಗೆ ಮಗುವಿನ ಹೃದಯ ರೂಪುಗೊಂಡಾಗಿದೆ. ವೈದ್ಯರು ಆರೈಕೆ ಶುರುಮಾಡುವ ದಿನಕ್ಕೆ ಮುಖ್ಯವಾದ ಗಳಿಗೆ ಕಳೆದುಹೋಗಿರುತ್ತದೆ.

ಹಾಗಾದರೆ ಬಸುರಿಯಾಗುವ ಮೊದಲೇ ಸಕ್ಕರೆಯನ್ನು ಹತೋಟಿಗೆ ತಂದರೆ? ಇದನ್ನು ಮಾಡಿ ನೋಡಿದ್ದು ಅಂದಿನ ಪೂರ್ವ ಜರ್ಮನಿಯ ಕಾರ್ಲ್ಸ್‌ಬುರ್ಗ್ ಎಂಬ ಹಳ್ಳಿಯಲ್ಲಿದ್ದ ಮಧುಮೇಹ ಸಂಸ್ಥೆ. ಫುರ್ಮನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಂಕಿಗಳನ್ನು ಈಗಲೂ ವೈದ್ಯರು ನೆನೆಯುತ್ತಾರೆ. ಬಸಿರಿನ ಎಂಟು ವಾರ ಕಳೆದ ಮೇಲೆ ಕಟ್ಟುನಿಟ್ಟಿನ ಚಿಕಿತ್ಸೆಗೆ ಬಂದ ತಾಯಂದಿರ 292 ಮಕ್ಕಳಲ್ಲಿ 22ಕ್ಕೆ ಹುಟ್ಟು ವೈಕಲ್ಯವಿತ್ತು, ಅಂದರೆ ಶೇಕಡ 7.5. ಮೊದಲೇ ಬಂದು ಸಕ್ಕರೆಯನ್ನು ಹದಕ್ಕೆ ತಂದುಕೊಂಡು ಆಮೇಲೆ ಬಸುರಿಯಾದವರ 128 ಮಕ್ಕಳಲ್ಲಿ ವೈಕಲ್ಯವಿದ್ದುದು ಒಂದೇ ಒಂದು ಮಗುವಿಗೆ. ಮೊದಲೇ ಬರುವವರು ಹೆಚ್ಚು ಎಚ್ಚರದವರೂ ಇರಬಹುದು ಎಂಬ ಆಕ್ಷೇಪವನ್ನು ಒಪ್ಪಿದರೂ ಇದು ಸಣ್ಣ ಅಂತರವಲ್ಲ.

ಇದೇ ಹೊತ್ತಿಗೆ ಇನ್ನೊಂದು ಅಳತೆಗೋಲೂ ಸಿಕ್ಕಿತ್ತು. ಇರಾನಿನ ಸ್ಯಾಮುಯೆಲ್ ರಾಹ್ಬರ್ 1960ರ ದಶಕದ ಕೊನೆಯಲ್ಲಿ ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್‌ನಲ್ಲಿ ಗುರುತಿಸಿದ ವಿಶೇಷವೇ ಇಂದಿನ ಎಚ್‌ಬಿಎ1ಸಿ ಪರೀಕ್ಷೆಗೆ ಬುನಾದಿ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಹೇಳುತ್ತದೆ. ವೈದ್ಯರ ಬಳಿ ಹೋಗುವ ಹಿಂದಿನ ದಿನ ಊಟ ಬಿಟ್ಟು ವರದಿಯನ್ನು ಚೆಂದಮಾಡಿಕೊಳ್ಳುವ ಉಪಾಯ ಇದರ ಮುಂದೆ ನಡೆಯದು.

ಹೀಗಾಗಿ ಈಗ ವೈದ್ಯರ ಸಲಹೆ ಮದುವೆಯ ಆಸುಪಾಸಿನಲ್ಲೇ ಶುರುವಾಗುತ್ತದೆ. ತಾಯಿಯಾಗಬೇಕೆಂದಿರುವವರ ಎಚ್‌ಬಿಎ1ಸಿ, ಸಕ್ಕರೆ ತೀರ ಇಳಿದು ತಲೆಸುತ್ತುವ ಅಪಾಯವಿಲ್ಲದೆ ಸಾಧ್ಯವಾಗುವುದಾದರೆ, ಶೇಕಡ 6.5ಕ್ಕಿಂತ ಕೆಳಗಿರಲಿ ಎನ್ನುತ್ತಾರೆ. 10ನ್ನು ದಾಟಿದ್ದರೆ ಅದು ಇಳಿಯುವವರೆಗೆ ಬಸಿರು ಬೇಡ ಎನ್ನುತ್ತಾರೆ. ಕಣ್ಣಿನ ಪಾಪೆ ಹಿಗ್ಗಿಸಿ ಒಳಗಿನ ಪರದೆಯನ್ನು ನೋಡಿಸಬೇಕು, ಮೂತ್ರಪಿಂಡದ ಪರೀಕ್ಷೆಯಾಗಬೇಕು. ರಕ್ತದೊತ್ತಡಕ್ಕೂ ಕೊಬ್ಬಿಗೂ ನುಂಗುತ್ತಿರುವ ಮಾತ್ರೆಗಳಲ್ಲಿ ಕೆಲವು ಮಗುವಿಗೆ ಒಗ್ಗುವುದಿಲ್ಲ, ವೈದ್ಯರೇ ಅವನ್ನು ಬದಲಿಸಬೇಕಾಗುತ್ತದೆ. ಫೋಲಿಕ್ ಆಮ್ಲದ ಮಾತ್ರೆ ಮೊದಲಿನಿಂದಲೇ ಬೇಕು.

ಬಸಿರು ನಿಂತ ಮೇಲೆ ದೇಹದ ಆಟವೇ ಬೇರೆ. ಮೊದಲ ಮೂರು ತಿಂಗಳಲ್ಲಿ, ಅದರಲ್ಲೂ ವಾಂತಿಯಾಗಿ ಊಟ ಸೇರದಿರುವಾಗ, ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆ ದಿಢೀರನೆ ಇಳಿಯಬಹುದು. ಆರನೆಯ ತಿಂಗಳ ಹೊತ್ತಿಗೆ ಮಾಸಿನ ಹಾರ್ಮೋನುಗಳು ಇನ್ಸುಲಿನ್ನಿಗೆ ಎದುರು ನಿಲ್ಲುತ್ತವೆ, ಬೇಕಾಗುವ ಪ್ರಮಾಣ ಇಮ್ಮಡಿಯಾದರೂ ಗಾಬರಿಯಾಗಬೇಕಿಲ್ಲ. ಖಾಲಿ ಹೊಟ್ಟೆಯಲ್ಲಿ 95, ಊಟವಾದ ಒಂದು ಗಂಟೆಗೆ 140, ಎರಡು ಗಂಟೆಗೆ 120 ಮಿಲಿಗ್ರಾಮಿಗಿಂತ ಕೆಳಗಿರಬೇಕೆಂಬುದು ಈಗ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಎಲ್ಲ ತಲೆಕೆಳಗಾಗುತ್ತದೆ. ಹಿಂದಿನ ದಿನದ ಇನ್ಸುಲಿನ್ನನ್ನೇ ಚುಚ್ಚಿದರೆ ಬಾಣಂತಿ ಎಚ್ಚರ ತಪ್ಪಿಯಾಳು. ಎದೆಹಾಲು ಕುಡಿಸುವಾಗಲೂ ಸಕ್ಕರೆ ಇಳಿಯುವುದುಂಟು, ಪಕ್ಕದಲ್ಲಿ ತಿನ್ನಲು ಏನಾದರೂ ಇರಬೇಕು. ಮನೆಯಲ್ಲಿ ಕೊಬ್ಬರಿ ಬೆಲ್ಲದ ಅಂಟಿನುಂಡೆ ಕಟ್ಟುವ ತವರಿನವರು ಮೊದಲು ವೈದ್ಯರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಮೈಸೂರಿನ ದಾಖಲೆ ಪುಸ್ತಕಗಳು

ಇದುವರೆಗೆ ಹೇಳಿದ್ದು ಹೆಚ್ಚಾಗಿ ಮೊದಲೇ ಕಾಯಿಲೆ ಇದ್ದವರ ಕಥೆ. ಬರ್ಲಿನ್ನಿನ ಹೆಣ್ಣುಮಗಳ ಮೂರನೆಯ ಪ್ರಶ್ನೆ ಇನ್ನೂ ಉಳಿದಿದೆ: ಬಸಿರಿನಲ್ಲಿ ಬಂದು ಹೆರಿಗೆಯೊಡನೆ ಹೋದ ಕಾಯಿಲೆ ನಿಜಕ್ಕೂ ಹೋಯಿತೇ? ಬಾಸ್ಟನ್ನಿನಲ್ಲಿ ಜಾನ್ ಓ'ಸಲಿವನ್ ಇದನ್ನೇ ಬೆನ್ನುಹತ್ತಿದರು. 1964ರಲ್ಲಿ ಕ್ಲೇರ್ ಮಹಾನ್ ಜೊತೆ ಸೇರಿ ಅವರು ಬಸುರಿಯರ ಸಕ್ಕರೆಗೆ ಒಂದು ಮಿತಿ ಗೊತ್ತುಮಾಡಿದರು. ಆ ಮಿತಿಯನ್ನು ಅವರು ಆರಿಸಿಕೊಂಡದ್ದು ಮಗುವಿಗಾಗಿ ಅಲ್ಲ. ಮುಂದೆ ಯಾವ ತಾಯಿಗೆ ಖಾಯಂ ಸಕ್ಕರೆ ಕಾಯಿಲೆ ಬರಬಹುದೆಂದು ಮೊದಲೇ ಹೇಳುವುದಕ್ಕಾಗಿ.

ಈ ಪ್ರಶ್ನೆಗೆ ನಮ್ಮ ಮೈಸೂರೂ ಉತ್ತರ ಕೊಟ್ಟಿದೆ. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ ಎನಿಸಿಕೊಂಡಿರುವ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ಪುಸ್ತಕಗಳಿದ್ದವು. ಎಷ್ಟೋ ಕಡೆ ಇಂಥ ಪುಸ್ತಕಗಳನ್ನು ಗೆದ್ದಲು ತಿನ್ನುತ್ತದೆ. ಇಲ್ಲಿ ಉಳಿದಿದ್ದವು. ಅವನ್ನು ಹಿಡಿದು, 1934ರಿಂದ 1953ರ ನಡುವೆ ಅಲ್ಲಿ ಹುಟ್ಟಿದ್ದ 506 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದ ವರದಿ 1998ರಲ್ಲಿ ಪ್ರಕಟವಾಯಿತು. ನೂರಕ್ಕೆ ಹದಿನೈದು ಮಂದಿಗೆ ಸಕ್ಕರೆ ಕಾಯಿಲೆಯಿತ್ತು. ತೂಕ ಕಡಿಮೆಯಿದ್ದು ಹುಟ್ಟಿದವರಿಗೆ ಈ ಕಾಯಿಲೆ ಹೆಚ್ಚೆಂದು ಇಂಗ್ಲೆಂಡಿನ ಅಧ್ಯಯನಗಳು ಹೇಳಿದ್ದವು. ಮೈಸೂರಿನಲ್ಲಿ ಕಂಡದ್ದು ಬೇರೆ: ಹುಟ್ಟುವಾಗ ಗಿಡ್ಡಗೆ ದುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಕಾಯಿಲೆ ಹೆಚ್ಚಾಗಿತ್ತು. ಆ ತಾಯಂದಿರ ಸಕ್ಕರೆಯೇ ಬಸಿರಿನಲ್ಲಿ ಏರಿದ್ದಿರಬಹುದೇ ಎಂಬ ಅನುಮಾನ ಹುಟ್ಟಿತು. ಅರವತ್ತು ವರ್ಷ ಹಿಂದಿನ ಬಸುರಿಯರ ರಕ್ತವನ್ನು ಪರೀಕ್ಷಿಸುವುದಂತೂ ಸಾಧ್ಯವಿರಲಿಲ್ಲ.

ಆದ್ದರಿಂದ 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಎಂಟುನೂರಕ್ಕೂ ಹೆಚ್ಚು ಬಸುರಿಯರನ್ನು ಹೊಸದಾಗಿ ಅಧ್ಯಯನಕ್ಕೆ ಸೇರಿಸಿಕೊಂಡರು. ನೂರಕ್ಕೆ ಆರು ಮಂದಿಯಲ್ಲಿ ಬಸಿರಿನ ಮಧುಮೇಹ ಕಂಡಿತು. ಐದು ವರ್ಷದ ನಂತರ ಮತ್ತೆ ಕರೆಸಿ ನೋಡಿದರೆ, ಬಸಿರಿನಲ್ಲಿ ಸಕ್ಕರೆ ಸರಿಯಿದ್ದ ತಾಯಂದಿರಲ್ಲಿ ಮಧುಮೇಹಕ್ಕೆ ತುತ್ತಾದವರು ಶೇಕಡ 2. ಬಸಿರಿನ ಮಧುಮೇಹವಿದ್ದವರಲ್ಲಿ ಶೇಕಡ 37. ಹಾಗೆ ಮತ್ತೆ ಸಿಕ್ಕವರ ಸಂಖ್ಯೆ ಚಿಕ್ಕದು, 35. ಆದರೂ ಅಂತರ ಕಣ್ಣಿಗೆ ಹೊಡೆಯುವಂತಿದೆ. ಬಸಿರಿನ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬೂ ರಕ್ತದ ಇನ್ಸುಲಿನ್ನೂ ಉಳಿದ ಮಕ್ಕಳಿಗಿಂತ ಹೆಚ್ಚಾಗಿದ್ದವು.

ಕೇಂದ್ರ ಆರೋಗ್ಯ ಸಚಿವಾಲಯದ 2018ರ ಮಾರ್ಗಸೂಚಿ ಪ್ರತಿ ಬಸುರಿಗೂ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ ಪರೀಕ್ಷೆಯಾಗಬೇಕೆನ್ನುತ್ತದೆ. ಊಟ ಮಾಡಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುತ್ತಾರೆ. 140 ಮುಟ್ಟಿದರೆ ಚಿಕಿತ್ಸೆ. ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬರುವವಳನ್ನು ಖಾಲಿ ಹೊಟ್ಟೆಯಲ್ಲಿ ಬಾ ಎಂದು ಹಿಂದಕ್ಕೆ ಕಳಿಸಬೇಕಿಲ್ಲವೆಂಬುದು ಈ ಪರೀಕ್ಷೆಯ ದೊಡ್ಡ ಅನುಕೂಲ. ಇದರಲ್ಲಿ ಸಕ್ಕರೆ ಏರಿರುವುದು ಕಂಡವರಿಗೆ ಹೆರಿಗೆಯಾದ ಆರು ವಾರಕ್ಕೆ ಮತ್ತೊಂದು ಪರೀಕ್ಷೆಯೂ ಇದೆ. ಅಷ್ಟರಲ್ಲಿ ಬಾಣಂತಿ ತವರಿನಲ್ಲಿರುತ್ತಾಳೆ, ಪರೀಕ್ಷೆ ಮಾಡಿದ ಆಸ್ಪತ್ರೆ ಗಂಡನ ಊರಿನಲ್ಲಿರುತ್ತದೆ. ಮಗುವಿಗೆ ಲಸಿಕೆ ಹಾಕಿಸುವುದೂ ಆರನೆಯ ವಾರಕ್ಕೇ. ಆ ದಿನವನ್ನು ಯಾರೂ ಮರೆಯುವುದಿಲ್ಲ. ಅದೇ ದಿನ ಅಲ್ಲೇ ತಾಯಿಯ ರಕ್ತವನ್ನೂ ನೋಡಿಬಿಡುವುದು ಕಷ್ಟದ ಕೆಲಸವೇನಲ್ಲ.

ಮೈಸೂರಿನ ಅಧ್ಯಯನದ ವೇಳೆ ಹುಟ್ಟಿದ ಆ ಹೆಣ್ಣುಕೂಸುಗಳು ಈಗ ಇಪ್ಪತ್ತೈದು ದಾಟಿದ್ದಾರೆ. ತಾವೇ ತಾಯಂದಿರಾಗುವ ವಯಸ್ಸು.